ಮಗ್ಗದಿಂದ ಏಳದವರು

ಹೋದ ವಾರ ಹೊಸದುರ್ಗದ ಆ ಹಳೆಯ ಓಣಿಗೆ ಕಾಲಿಟ್ಟ ಕೂಡಲೇ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಕಂಬಳಿ ನೇಯುವವರು ಉಣ್ಣೆಯ ನೂಲು ಬಿರುಸಾಗಲೆಂದು ಬಳಿಯುವ ಗಂಜಿ ಅದು. ಅದರೊಳಗೆ ತೊಯ್ದ ಉಣ್ಣೆಯ ವಾಸನೆಯೂ ಸೇರಿರುತ್ತದೆ. ಒಂದು ಕಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ತೀರಿಕೊಂಡಳೆಂದು ಕೇಳಿ, ಅವಳ ಮಗಳನ್ನು ಮಾತಾಡಿಸಲು ಹೋಗಿದ್ದೆ. ಅಕ್ಕನೇ ಇಲ್ಲದ ಮೇಲೆ ಗಂಜಿ ಕಾಸಿದವರು ಯಾರು ಎಂದು ಅಲ್ಲೇ ನಿಂತೆ...

ಎಪ್ಪತ್ತರ ದಶಕದಲ್ಲಿ ನಾನು ಆ ಓಣಿಗೆ ಸೊಸೆಯಾಗಿ ಬಂದಾಗ ಅಕ್ಕನ ಗಂಡ ಇನ್ನೂ ಇದ್ದರು. ಕುರಿ ಸಾಕುತ್ತ ಕಂಬಳಿ ನೇಯುತ್ತ ಬಂದ ಮನೆತನ, ಅವರು ಕುರಿಯ ಹಿಂದೆ ಹೋಗದೆ ಮಗ್ಗ ಹಿಡಿದವರು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಬಾಯಲ್ಲಿ ಸದಾ ಎಲೆಅಡಿಕೆ. ನೂಲು ಹರಿದರೆ ಹಲ್ಲಿನಿಂದಲೇ ತುದಿ ಕಡಿದು ಗಂಟು ಹಾಕುವರು. ಹಾಗಾಗಿ ಅವರ ಕಂಬಳಿಯ ಬಿಳಿ ಅಂಚಿನಲ್ಲಿ ಅಲ್ಲಲ್ಲಿ ಒಂದು ಕೆಂಪು ಚುಕ್ಕೆ ಇದ್ದೇ ಇರುತ್ತಿತ್ತು. "ಇದು ನಮ್ಮ ಮೊಹರು ಕಣವ್ವ" ಎಂದು ನಗುತ್ತಿದ್ದರು. ಅಕ್ಕ ಜಗಲಿಯಲ್ಲಿ ರಾಟೆ ತಿರುಗಿಸುವಳು. ಅವರ ಮನೆಯಲ್ಲಿ ಹೆಂಗಸರು ನೂಲಬಹುದಿತ್ತು, ಗಂಜಿ ಕಾಸಬಹುದಿತ್ತು, ಮಗ್ಗದ ಗುಂಡಿಗೆ ಮಾತ್ರ ಇಳಿಯುವಂತಿರಲಿಲ್ಲ.

ಒಂದು ಬೇಸಿಗೆ ಉಣ್ಣೆ ತರಲೆಂದು ಹಿರಿಯೂರಿನ ಕಡೆ ಹೋದವರು ಜ್ವರ ಹೊತ್ತು ಬಂದರು. ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಮಗ್ಗದ ಮೇಲೆ ಅರ್ಧ ಕಂಬಳಿ ಉಳಿಯಿತು.

ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ನೇಯುವವನ ಕಂಬಳಿ ಮಗ್ಗದ ಮೇಲೆ ಇರುವ ತನಕ ಅವನು ಹೋದ ಎನ್ನಬಾರದು. ಮನೆಯವರಲ್ಲಿ ಒಬ್ಬರು ಮಗ್ಗದ ಮುಂದೆ ನಿಂತು, ಇನ್ನು ಮಗ್ಗ ಬಿಟ್ಟು ಏಳು ಎಂದು ಹೇಳಿ, ಉದ್ದಕ್ಕೆ ಬಿಗಿದ ಹಾಸಿನ ನೂಲು ಕತ್ತರಿಸಬೇಕು. ಆಮೇಲೇ ಅವನು ಹೋದಂತೆ. ಮಣ್ಣು ಮಾಡಿ ಬಂದು ತಿಂಗಳುಗಳೇ ಕಳೆದರೂ ಅಕ್ಕನಿಗೆ ಆ ಮಾತು ಬಾಯಿಗೆ ಬರಲಿಲ್ಲ. ದಿನಾ ಬೆಳಿಗ್ಗೆ ಗಂಜಿ ಕಾಸಿ, ಬಟ್ಟಲಲ್ಲಿ ಹಾಕಿ ಮಗ್ಗದ ಪಕ್ಕ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಬರುತ್ತಿದ್ದಳು.

ಇತ್ತ ತವರಿನ ಅಣ್ಣಂದಿರು ಬಂದು ಕೂತರು. ಮಗ್ಗ ಮಾರಿಬಿಡು, ಮಗಳನ್ನು ಶಾಲೆ ಬಿಡಿಸು, ಇಬ್ಬರೂ ಬಂದು ಕುರಿ ನೋಡಿಕೊಳ್ಳಿ ಎಂಬುದು ಅವರ ತೀರ್ಮಾನ. ಅಕ್ಕನಿಗೆ ಉಣ್ಣೆ ಕೊಂಡು, ಕೂಲಿಗೊಬ್ಬ ನೇಯುವವನನ್ನು ಇಟ್ಟು, ಸಂತೆಯ ಹತ್ತಿರ ಒಂದು ಕಂಬಳಿ ಅಂಗಡಿ ಹಾಕುವ ಆಸೆ. ಆಗಲೇ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮನೆಯವರು ಸುದ್ದಿ ತಂದರು. ಗಂಡನಿಲ್ಲದ ಹೆಂಗಸರು ಸ್ವಂತ ಕಸುಬು ಹೂಡಲು ಸರ್ಕಾರ ಸಹಾಯಧನ ಕೊಡುತ್ತದೆ, ತಿರುಗಿ ಕಟ್ಟಬೇಕಾಗಿಲ್ಲ ಎಂದು.

ಅಕ್ಕನನ್ನು ಹೊರಡಿಸಿಕೊಂಡು ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆ. ಕಚೇರಿಯ ಕಿಟಕಿಯ ತುಂಬ ಕೋಟೆಯ ಬಂಡೆಗಳೇ. ಅಧಿಕಾರಿ ಒಳ್ಳೆಯವರು, ಕೂರಿಸಿ ಕೇಳಿದರು.

"ನಿಮ್ಮ ಯಜಮಾನ್ರು ತೀರ್ಕಂಡು ಎಷ್ಟು ದಿನ ಆಯ್ತಮ್ಮ?"

ಅಕ್ಕ ನೆಲ ನೋಡುತ್ತಾ ಹೇಳಿದಳು. "ಮಗ್ಗದ ಮೇಲೆ ಕುಂತವ್ರೆ ಸ್ವಾಮಿ."

ಅವರು ನನ್ನ ಮುಖ ನೋಡಿದರು. ನಾನು ಏನೇನೋ ಸಮಜಾಯಿಷಿ ಹೇಳಿದೆ. ಕೊನೆಗೆ ಅವರು, ಖುದ್ದಾಗಿ ಬಂದು ನೋಡುತ್ತೇನೆ, ಮನೆಯಲ್ಲಿ ಯಜಮಾನ ಇದ್ದರೆ ಈ ಹಣ ಬರುವುದಿಲ್ಲ ಎಂದರು. ಬಸ್ಸಿನಲ್ಲಿ ನನಗೆ ಕೆಂಡದಂಥ ಕೋಪ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ನಿಂತಿದ್ದ, ಭಕ್ತೆಯೇ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು.

"ಒಂದು ಮಾತು ಹೇಳಕ್ಕೆ ಏನಾಗಿತ್ತಕ್ಕ ನಿನಗೆ?" ಎಂದೆ.

"ನೀನು ಒಂದ್ಸಲ ಕಂಬಳಿ ನೋಡು ಬಾ" ಎಂದಳು.

ಹೋಗಿ ನೋಡಿದೆ. ಅರ್ಧಕ್ಕೆ ನಿಂತಿದ್ದ ಕಂಬಳಿ ಮುಕ್ಕಾಲಾಗಿತ್ತು. ಇವಳೇ ಕದ್ದುಮುಚ್ಚಿ ಗುಂಡಿಗೆ ಇಳಿದಿದ್ದಾಳೆ ಎಂದುಕೊಂಡು ಮನಸ್ಸಿನಲ್ಲೇ ನಕ್ಕೆ. ಆದರೆ ಬಿಳಿ ಅಂಚಿನಲ್ಲಿ ಕೆಂಪು ಚುಕ್ಕೆಗಳಿದ್ದವು. ಅಕ್ಕ ಎಲೆಅಡಿಕೆ ಹಾಕುವವಳಲ್ಲ...

ಅಧಿಕಾರಿ ಬಂದಿದ್ದು ಒಂದು ಉರಿಬಿಸಿಲ ಮಧ್ಯಾಹ್ನ. ಅಕ್ಕನ ಮಗಳು ಶಾಲೆಗೆ ಹೋಗಿದ್ದಳು. ಅಕ್ಕ ಜಗಲಿಯಲ್ಲಿ ನೂಲುತ್ತಿದ್ದಳು, ನಾನು ಪಕ್ಕದಲ್ಲಿ ಉಣ್ಣೆ ಬಿಡಿಸುತ್ತಿದ್ದೆ. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತರು.

"ಒಳಗೆ ನೇಯ್ತಾ ಇರೋರು ಯಾರು?"

ಹೌದು, ಮಗ್ಗ ಆಡುತ್ತಿತ್ತು. ಬೆಳಗಿನಿಂದ ನಾನೂ ಕೇಳುತ್ತಲೇ ಇದ್ದೆ. ಆ ಮನೆಯ ಸದ್ದಿಗೆ ನನ್ನ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಅದು ಇರಬಾರದ ಸದ್ದು ಎಂದು ಹೊಳೆದೇ ಇರಲಿಲ್ಲ. ಅವರು ಬಾಗಿಲು ತಳ್ಳಿದರು. ಸದ್ದು ನಿಂತಿತು. ಹಿಂದೆಯೇ ಹೋದ ನನಗೂ ಕಂಡಿದ್ದು ಖಾಲಿ ಗುಂಡಿ. ಲಾಳಿ ಹಾಸಿನ ನಡುವೆ ಇನ್ನೂ ಸಣ್ಣಗೆ ಅಲುಗುತ್ತಿತ್ತು. ಅಂಚಿನ ನೂಲಿನ ತುದಿಯನ್ನು ಅವರು ಮುಟ್ಟಿ, ಬೆರಳಿಗೆ ಹತ್ತಿದ ಹಸಿ ಕೆಂಪು ನೋಡಿಕೊಂಡು ಪಂಚೆಗೆ ಒರೆಸಿಕೊಂಡರು. ಹೊರಗೆ ಬಂದು ಕೂತು ನೀರು ಕೇಳಿದರು. ಅಕ್ಕನೇ ಕೊಟ್ಟಳು.

"ಇಲ್ಲ ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕಮ್ಮ" ಎಂದರು. "ನಾನಾಗಿ ಬರ್ಕಳಕ್ಕಾಗಲ್ಲ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ಅವಳ ಮಾತು ಕೇಳಿಸಿತು, ಊಟಕ್ಕೆ ಕರೆಯುವಾಗಿನ ದನಿಯಲ್ಲೇ.

"ಸಾಕು, ಏಳ್ರಿ. ಮಗಳು ಓದ್ಬೇಕು. ಇನ್ನ ನಾನು ಕುಂತ್ಕಂತೀನಿ."

ಬಿಗಿದ ನೂಲುಗಳು ಒಂದೊಂದಾಗಿ ಹರಿಯುವ ಸದ್ದು ಬಂತು. ಕಂಬಳಿ ಮುಗಿಯಲು ಒಂದು ಗೇಣು ಉಳಿದಿತ್ತು. ಹೊರಗೆ ಬಂದು, "ನಮ್ಮನೆಯೋರು ಇಲ್ಲ ಸ್ವಾಮಿ, ತೀರ್ಕಂಡ್ರು" ಎಂದಳು. ಮಣ್ಣು ಮಾಡಿದ ದಿನವೂ ಅಳದವಳು ಅಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಹಣ ಬಂತು. ಉಣ್ಣೆ ಬಂತು, ಅಂಗಡಿಯೂ ಆಯಿತು. ಕೂಲಿಗೆ ಯಾರನ್ನೂ ಇಡಲಿಲ್ಲ; ನಾಲ್ಕು ಜನ ಆಡಿಕೊಂಡರೂ ಅಕ್ಕನೇ ಗುಂಡಿಗೆ ಇಳಿದಳು. ಗಂಡನ ಆ ಕೊನೆಯ ಕಂಬಳಿಯನ್ನು ಮಾರದೆ, ಗುಂಡಿಯ ಅಂಚಿಗೆ ಮಡಿಸಿ ಹಾಕಿಕೊಂಡು ಅದರ ಮೇಲೇ ಕೂತು ನೇಯುತ್ತಿದ್ದಳು. ಮಗಳು ಓದಿ ಶಾಲೆಯಲ್ಲಿ ಮೇಡಂ ಆದಳು. ನಮಗೆ ವರ್ಗವಾಗಿ ಊರು ಬಿಟ್ಟ ಮೇಲೆ ಹೋಗಿ ಬರುವುದು ಕಡಿಮೆಯಾಯಿತು...

ಹೋದ ವಾರ ಬಾಗಿಲಲ್ಲಿ ಎದುರಾದ ಮಗಳ ಕಣ್ಣು ಊದಿತ್ತು. ಗಂಜಿ ಕಾಸಿದ್ದು ಅವಳೇ.

"ಅವ್ವಂದು ಮಗ್ಗದ ಮೇಲೆ ಅರ್ಧ ಉಳ್ದಿತ್ತು ಚಿಕ್ಕಮ್ಮ. ನಂಗೆ ಹೇಳಕ್ಕೆ ಬಾಯಿ ಬರ್ತಿಲ್ಲ. ನೀವಾದ್ರೂ ಹೇಳ್ರಿ. ನೀವೂ ಮನೆಯೋರೇ ಅಲ್ವಾ."

ಒಳಗೆ ಹೋದೆ. ಗುಂಡಿ ಖಾಲಿಯಿತ್ತು, ಅಂಚಿಗೆ ಹಾಕಿದ್ದ ಹಳೆಯ ಕಂಬಳಿ ಕೂತವರ ಭಾರಕ್ಕೆ ತಗ್ಗಿದಂತೆ ಇತ್ತು. ಬಟ್ಟಲಿನ ಗಂಜಿ ಅರ್ಧವಾಗಿತ್ತು. ಅಕ್ಕ ಇಲ್ಲ, ಇನ್ನು ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಅಂದು ಬಸ್ಸಿನಲ್ಲಿ ಒಂದು ಮಾತು ಹೇಳಕ್ಕೆ ಏನಾಗಿತ್ತು ಎಂದು ರೇಗಿದವಳು ನಾನೇ. ಏಳು ಅಕ್ಕ ಎನ್ನಲು ಬಾಯಿ ತೆರೆದೆ.

ಕಂಬಳಿ ಮುಗಿಯಲು ಇನ್ನೊಂದು ಗೇಣು ಇತ್ತು. ಮುಗಿಸಿಕೊಳ್ಳಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಬಂದೆ.