ನಲವತ್ತೆರಡು ಮನೆಗೆ ಒಂದು ಗಡಿಯಾರ

ಅವನ ಬಳಿ ಹದಿನಾಲ್ಕು ಮೆಟ್ಟಿಲಿನ ಒಂದು ಏಣಿ ಇತ್ತು. ಅದರಲ್ಲಿ ಒಂಬತ್ತನೆಯ ಮೆಟ್ಟಿಲು ಇರಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಕೆಳಗೆ ನೋಡದೆ, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು, ಎಂಟರಿಂದ ನೇರವಾಗಿ ಹತ್ತಕ್ಕೆ ಕಾಲು ಹಾಕುತ್ತಿದ್ದ ಆ ಮಹಾವೀರನನ್ನು ಮಿಲ್ಲಿನ ಬೀದಿಯವರೆಲ್ಲ ಏಣಿಯಣ್ಣ ಎಂದೇ ಕರೆಯುತ್ತಿದ್ದರು. ದಂಡಯಾತ್ರೆಗೆ ಹೊರಟ ದೊರೆಗೆ ಆನೆ ಕುದುರೆ ಇದ್ದಂತೆ ಅವನಿಗೆ ಏಣಿ, ಎರಡು ಡಬ್ಬ, ಮೂರು ಬ್ರಷ್ಷು. ಗೆದ್ದ ಗೋಡೆಗಳಿಗೆ ಲೆಕ್ಕವಿಲ್ಲ. ಸೋತದ್ದು ಒಂದೇ ಸಲ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಬೀದಿಯ ಒಂದು ತುದಿಯಲ್ಲಿ ಮಿಲ್ಲು, ಇನ್ನೊಂದು ತುದಿಯಲ್ಲಿ ಬಸ್ಸು ತಿರುಗುವ ಜಾಗ. ನಡುವೆ ಎರಡು ಸಾಲು ಮನೆಗಳು, ಸಾಲಿಗೆ ನಲವತ್ತೆರಡು, ಎಲ್ಲವೂ ಒಂದೇ ಅಚ್ಚಿನವು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆಗೆ ಓಣಿ. ಎಪ್ಪತ್ತು ವರ್ಷದ ಹಿಂದೆ ಮಿಲ್ಲಿನವರು ಇವನ್ನು ಕಟ್ಟಿಸಿ, ಒಂದೇ ವರ್ಷದಲ್ಲಿ ಎರಡು ಕಡೆಯಿಂದ ಆಳು ತರಿಸಿದರು. ಎಡ ಸಾಲಿನವರ ಅಜ್ಜಂದಿರು ಹಡಗಿನಲ್ಲಿ ಬಂದರು. ಬಲ ಸಾಲಿನವರ ಅಜ್ಜಂದಿರು ಗುಡ್ಡ ಇಳಿದು ಬಂದರು. ಹಡಗಿನವರು, ಗುಡ್ಡದವರು ಎಂಬ ಹೆಸರುಗಳು ಮೊಮ್ಮಕ್ಕಳ ಕಾಲಕ್ಕೂ ಅಂಟಿಕೊಂಡೇ ಉಳಿದವು. ಹಡಗನ್ನು ಕಂಡವರು ಈಗ ಯಾರೂ ಇಲ್ಲ. ಗುಡ್ಡವನ್ನು ನಡೆದು ಇಳಿದವರಲ್ಲಿ ಉಳಿದವಳು ಏಣಿಯಣ್ಣನ ತಾಯಿ ಒಬ್ಬಳೇ.

ಬಣ್ಣದ ವಿಷಯದಲ್ಲಿ ಈ ಎರಡು ಸಾಲುಗಳಷ್ಟು ವಿಚಿತ್ರದ ಗಿರಾಕಿಗಳು ಯಾವ ಪೇಂಟರಿಗೂ ಸಿಕ್ಕಿರಲಾರರು. ಹಡಗಿನವರ ಮನೆಗಳ ಮುಂದಿನ ಗೋಡೆ ಸುಣ್ಣ ಕಂಡು ಎರಡು ತಲೆಮಾರಾಗಿತ್ತು. ಹಿಂದೊಂದು ಮಧ್ಯಾಹ್ನ ಊರಿನ ಗುಂಪೊಂದು ಬಂದು, ಯಾವ ಬಾಗಿಲು ಹೊಳೆಯುತ್ತದೋ ಆ ಬಾಗಿಲನ್ನೇ ಆರಿಸಿ ಒಡೆದು ಬೆಂಕಿ ಇಟ್ಟಿತ್ತಂತೆ. ಅಂದಿನಿಂದ ಅವರ ಹೊಳಪೆಲ್ಲ ಒಳಗೆ. ಮಿಲ್ಲಿನವರು ಅವರಿಗೆ ಕಾಯಂ ಕೆಲಸ ಕೊಡದೆ ಮನೆ ಮಾತ್ರ ಬಿಟ್ಟುಕೊಟ್ಟಿದ್ದರು. ಹೊಟ್ಟೆಪಾಡಿಗೆ ಹಡಗಿನವರು ಹೊಲಿಗೆ ಯಂತ್ರ ಹಿಡಿದರು. ಅದೇ ಅವರ ಕೈ ಹಿಡಿಯಿತು. ಓಣಿಯ ಕಡೆಗೆ ಕೋಣೆ ಮೇಲೆ ಕೋಣೆ ಬೆಳೆಯಿತು, ಮಕ್ಕಳು ಓದಿದರು, ಒಳಗೋಡೆಗಳಿಗೆ ತಿಳಿ ನೀಲಿ, ಗುಲಾಬಿ, ಬೆಣ್ಣೆ ಬಣ್ಣ ಬಂದವು. ಬೀದಿಯಿಂದ ನೋಡಿದರೆ ಮಾತ್ರ ಮನೆಗಳು ಇಂದೋ ನಾಳೆಯೋ ಬೀಳುವಂತಿದ್ದವು.

ಗುಡ್ಡದವರದು ಇದರ ತಲೆಕೆಳಗು. ಬಂದ ಹೊಸದರಲ್ಲಿ ಒಬ್ಬ ಅಧಿಕಾರಿ ಬೀದಿ ಸುತ್ತಿ, ಹರಕು ಮುರುಕಾಗಿ ಕಂಡವರನ್ನು ಲಾರಿಗೆ ಹತ್ತಿಸಿ ಮತ್ತೆ ಗುಡ್ಡದಾಚೆಗೆ ಬಿಟ್ಟು ಬಂದಿದ್ದ. ಅಂದಿನಿಂದ ಒಲೆ ಹಚ್ಚದಿದ್ದರೂ ವರ್ಷಕ್ಕೊಮ್ಮೆ ಮುಂಬಾಗಿಲಿಗೆ ಬಣ್ಣ ಹಚ್ಚುವುದು ತಪ್ಪಲಿಲ್ಲ. ಕಾಯಂ ಕೆಲಸದವರು ಎಂದು ಎದೆಯುಬ್ಬಿಸಿ ನಡೆದರು. ಮಿಲ್ಲಿನ ಮೂರು ಶೆಡ್ಡುಗಳಲ್ಲಿ ಎರಡು ಮುಚ್ಚಿದ ಮೇಲೂ ಎದೆ ಇಳಿಯಲಿಲ್ಲ, ಹೊಟ್ಟೆ ಮಾತ್ರ ಇಳಿಯಿತು. ಏಣಿಯಣ್ಣ ಎಡಗಡೆ ಒಳಗೆ ಬಳಿದ, ಬಲಗಡೆ ಹೊರಗೆ ಬಳಿದ. ಯಾರ ಡಬ್ಬಿಯಲ್ಲಿ ಹಿಟ್ಟಿದೆ, ಯಾರ ಡಬ್ಬಿಯಲ್ಲಿ ಗಾಳಿ ಇದೆ ಎಂಬುದು ಮೇಲಿನವನನ್ನು ಬಿಟ್ಟರೆ ಹತ್ತನೆಯ ಮೆಟ್ಟಿಲ ಮೇಲೆ ನಿಂತ ಅವನಿಗೊಬ್ಬನಿಗೇ ಗೊತ್ತಿತ್ತು.

ಅಂಥ ಬೀದಿಗೆ ಒಂದು ದಿನ ಸರ್ವೆ ಸಾಹೇಬ ಬಂದ. ಸಣ್ಣ ವಯಸ್ಸು, ದಪ್ಪ ಕನ್ನಡಕ, ಕಂಕುಳಲ್ಲಿ ಒಂದು ಹೊರೆ ಫಾರಂ. ಒಂದೇ ವರ್ಷ, ಒಂದೇ ಕೆಲಸಕ್ಕೆ ಬಂದ ಎರಡು ಜನಾಂಗ ಈಗ ಎಲ್ಲಿಗೆ ಮುಟ್ಟಿವೆ ಎಂದು ಹೋಲಿಸಿ ಬರೆಯಬೇಕು, ಮಿಲ್ಲಿನ ಆಫೀಸು ಕಳಿಸಿದೆ ಎಂದ. ಎರಡೂ ಕಡೆ ಸಲುಗೆ ಇದ್ದ ಏಣಿಯಣ್ಣನನ್ನೇ ದಾರಿ ತೋರಿಸಲು ಇಟ್ಟುಕೊಂಡ.

ಎಡ ಸಾಲಿನ ಮೊದಲ ಮನೆ ದರ್ಜಿ ಅಕ್ಕನದು. ಅವಳು ಸಾಹೇಬನನ್ನು ಮೂರು ಕಾಲಿನ ಕುರ್ಚಿಯಲ್ಲಿ ಕೂರಿಸಿ, ಹಿಡಿ ಮುರಿದ ಕಪ್ಪಿನಲ್ಲಿ ಟೀ ಕೊಟ್ಟಳು.

"ಒಳಗಡೆ ಏನಿದೆಯಮ್ಮಾ?"

"ಹಳೇ ಚಿಂದಿ ಸಾರ್. ಇಲಿ ಕಾಟ ಬೇರೆ. ನೀವು ಒಳಗೆ ಬಂದ್ರೆ ಅವಕ್ಕೂ ಗಾಬರಿ."

ಒಳಗೆ ಆರು ಯಂತ್ರಗಳು ಕಾಲು ನಿಲ್ಲಿಸಿ ಉಸಿರು ಬಿಗಿಹಿಡಿದಿದ್ದವು. ಏಣಿಯಣ್ಣ ಗೋಡೆಯ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲ, ನಗು.

ಬಲ ಸಾಲಿಗೆ ಬಂದಾಗ ನಿಜವಾದ ಹಬ್ಬ ಶುರುವಾಯಿತು. ಏಣಿಯಣ್ಣನ ತಂದೆ ಮೂವತ್ತು ವರ್ಷ ದುಡಿದದ್ದಕ್ಕೆ ಮಿಲ್ಲಿನವರು ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಎರಡು ಮೊಳ ಉದ್ದದ ಪೆಟ್ಟಿಗೆ, ಹಿತ್ತಾಳೆಯ ಲೋಲಕ, ಗಂಟೆ ಎಷ್ಟಾದರೂ ಒಂದು ಹೆಚ್ಚಿಗೆ ಬಡಿಯುವ ಚಾಳಿ. ಸಾಹೇಬ ಒಂದು ಮನೆಯ ಮುಂಬಾಗಿಲಿನಿಂದ ಹೊರಬೀಳುವಷ್ಟರಲ್ಲಿ ಅದನ್ನು ಇಬ್ಬರು ಹೆಂಗಸರು ಕಂಬಳಿಯಲ್ಲಿ ಸುತ್ತಿ, ಮೂರನೆಯವಳು ಲೋಲಕ ಅಲ್ಲಾಡದಂತೆ ಹಿಡಿದು, ಹಿಂದಿನ ಓಣಿಯಲ್ಲಿ ಓಡಿ, ಮುಂದಿನ ಮನೆಯ ಮೊಳೆಗೆ ತೂಗುಹಾಕುತ್ತಿದ್ದರು. ಜತೆಗೆ ಆರು ಗಾಜಿನ ಲೋಟ, ಒಂದು ರೇಡಿಯೋ. ದಿನಕ್ಕೆ ಮೂರು ಮನೆಯಂತೆ ಹದಿನಾಲ್ಕು ದಿನ ಆ ಗಡಿಯಾರ ದಿಗ್ವಿಜಯ ಮಾಡಿತು.

"ಗುಡ್ಡದವರಿಗೆ ಕಾಲದ ಬೆಲೆ ಗೊತ್ತು," ಎಂದು ಸಾಹೇಬ ಬರೆದುಕೊಂಡ. "ನಲವತ್ತೆರಡಕ್ಕೆ ನಲವತ್ತೆರಡು ಮನೆಯಲ್ಲೂ ಗೋಡೆ ಗಡಿಯಾರ. ಎಲ್ಲ ಒಂದೇ ಕಂಪನಿಯದು ಅನ್ಸುತ್ತೆ, ಅಲ್ವಾ?"

"ನಮ್ಮವರಿಗೆ ಒಗ್ಗಟ್ಟು ಜಾಸ್ತಿ ಸಾರ್," ಎಂದ ಏಣಿಯಣ್ಣ.

ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಷ್ಟು ಮಜವನ್ನು ಕೈಯಾರೆ ಕೆಡಿಸುವಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಮಿಲ್ಲಿನ ಆಫೀಸಿನಿಂದ ಕರೆ ಬಂತು. ಎಂಬತ್ತನಾಲ್ಕು ಬಾಗಿಲುಗಳ ಮೇಲೂ, ಸೂರಿನ ಹತ್ತಿರ, ನಂಬರು ಬರೆಯಬೇಕು, ಎಡ ಸಾಲಿಗೆ ಬಿಳಿ, ಬಲ ಸಾಲಿಗೆ ಕಪ್ಪು. ಅವನ ಬಾಳಿನಲ್ಲೇ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ರಾಜಮುದ್ರೆ ಒತ್ತಲು ಹೊರಟವನಂತೆ ಏಣಿ ಹೆಗಲಿಗೇರಿಸಿದ. ಎಡ ಸಾಲನ್ನು ಮೂರು ದಿನದಲ್ಲಿ ಮುಗಿಸಿದ. ಮಾಸಿದ ಬಾಗಿಲುಗಳ ಮೇಲೆ ಬಿಳಿ ಅಂಕಿಗಳು ಹಲ್ಲು ಕಿರಿದಂತೆ ಕಂಡವು.

ಕೊನೆಯ ಬಿಳಿ ನಂಬರು ಒಣಗುತ್ತಿದ್ದಾಗ ದರ್ಜಿ ಅಕ್ಕ ಅವನನ್ನು ಒಳಗೆ ಕರೆದಳು. ತಿಳಿ ನೀಲಿ ಕೋಣೆ. ಅವನೇ ಹೋದ ವರ್ಷ ಬಳಿದದ್ದು.

"ಏಣಿಯಣ್ಣ, ಇದರ ಮೇಲೆ ಹೊಗೆ ಬಣ್ಣ ಹಚ್ಚು."

"ಏನಕ್ಕಾ ಇದು? ಮಗು ಮುಖದಂಗಿದೆ ಗೋಡೆ. ಮಸಿ ಬಳಿ ಅಂತೀಯಲ್ಲ?"

"ಇಷ್ಟು ದಿನ ಹೊರಗಿಂದ ನೋಡ್ತಿದ್ರು. ಈಗ ನಂಬರ್ ಹಾಕ್ಸಿದ್ದಾರೆ ಅಂದ್ರೆ ಒಳಗೂ ಬರ್ತಾರೆ." ಅವಳು ದಾರ ಕಚ್ಚಿ ತುಂಡರಿಸಿದಳು. "ಕಪ್ಪು ನಂಬರು ಯಾಕೆ ಅಂತ ಕೇಳಿದ್ಯಾ?"

"ಚೆಂದಕ್ಕಿರಬೇಕು."

"ಗೇಟಿನ ಮೇಲೆ ಚೀಟಿ ಅಂಟಿಸಿದ್ದಾರೆ. ಬಣ್ಣದವನು ನೀನು, ಬರೆದದ್ದು ಓದೋದು ನಾವಾ?"

ಏಣಿಯಣ್ಣ ಗೇಟಿಗೆ ಹೋಗಿ ಓದಿದ. ಸರ್ವೆಯಲ್ಲಿ ಕಂಡಂತೆ ಗುಡ್ಡದವರು ಏಳಿಗೆ ಹೊಂದಿದ್ದಾರೆ, ಹಡಗಿನವರು ಇನ್ನೂ ನೆಲ ಕಚ್ಚಿದ್ದಾರೆ. ಆದ್ದರಿಂದ ಬಿಳಿ ನಂಬರಿನ ಮನೆಗಳು ಸದ್ಯಕ್ಕೆ ಇದ್ದವರಿಗೇ ಇರತಕ್ಕದ್ದು. ಕಪ್ಪು ನಂಬರಿನವರು ಸ್ವಂತ ಕಾಲ ಮೇಲೆ ನಿಂತಿರುವುದರಿಂದ ತಿಂಗಳ ಕೊನೆಗೆ ಮನೆ ಖಾಲಿ ಮಾಡತಕ್ಕದ್ದು. ಅವನು ಎರಡು ಸಲ ಓದಿದ. ಎರಡನೆಯ ಸಲಕ್ಕೆ 'ಸದ್ಯಕ್ಕೆ' ಎಂಬ ಮಾತೂ ಕಣ್ಣಿಗೆ ಬಿತ್ತು. ಕೆಮ್ಮು ಬರಲಿಲ್ಲ.

ಮರುದಿನ ಮ್ಯಾನೇಜರ ಬಳಿ ಹೋಗಿ ಸತ್ಯ ಹೇಳಿಬಿಡುವುದೆಂದು ನಿಶ್ಚಯಿಸಿದ. ಬಣ್ಣ ಮೆತ್ತಿದ ಅಂಗಿಯಲ್ಲೇ ಹೊರಟು ನಿಂತ. ಹೆಂಡತಿ ಬಾಗಿಲಿಗೆ ಅಡ್ಡ ಬಂದಳು.

"ರೀ, ಈ ಅವತಾರದಲ್ಲಿ ಆಫೀಸಿಗೆ ಹೋಗ್ತೀರಾ? ಮಾನ ಬೇಡ್ವಾ?"

"ಬಡವರು ಅಂತ ಹೇಳೋಕೇ ಕಣೇ ಹೋಗ್ತಿರೋದು."

"ಹೇಳಿ, ಯಾರು ಬೇಡ ಅಂದ್ರು? ನೀಟಾಗಿ ಹೋಗಿ ಹೇಳಿ."

ಪಕ್ಕದ ಮನೆಯ ಬ್ಯಾಂಡಿನವನ ಕೋಟು ಬಂತು. ಎರಡು ಸಾಲು ಹಿತ್ತಾಳೆ ಗುಂಡಿ. ಅವನು ತೊಟ್ಟುಕೊಂಡ. ಇದೇನು ಮಾಡುತ್ತಿದ್ದೇನೆ ಎಂದು ಅವನಿಗೂ ಹೊಳೆಯಲಿಲ್ಲ, ಗುಡ್ಡದವರ ಮೈ ಹೊಸಿಲು ದಾಟುವಾಗ ತಾನಾಗಿಯೇ ಹಾಗೆ ಸಿಂಗರಗೊಳ್ಳುತ್ತದೆ.

ಮ್ಯಾನೇಜರು ಮೊದಲು ಗುಂಡಿಗಳನ್ನು ನೋಡಿದರು, ಆಮೇಲೆ ಅವನನ್ನು.

"ಕೂತ್ಕೊಳ್ಳಿ. ಏನು ಸಮಾಚಾರ?"

"ಸಾರ್, ನಮ್ಮ ಸಾಲಿನಲ್ಲಿ ಊಟಕ್ಕೇ ಇಲ್ಲ. ಸರ್ವೆ ಪೂರಾ ತಪ್ಪು. ಬಂದು ಒಳಗೆ ನೋಡಿ."

ಮ್ಯಾನೇಜರು ಕೆಟ್ಟವರಲ್ಲ. ಗಂಟೆ ನೋಡಿದರು, ಡೈರಿ ನೋಡಿದರು. "ನಾಳೆ ಹತ್ತಕ್ಕೆ ಬರ್ತೀನಿ. ಮೂರು ಮನೆ ನೀವೇ ತೋರಿಸಿ. ಬಡತನ ಕಂಡ್ರೆ ಆರ್ಡರ್ ನಿಲ್ಲಿಸ್ತೀನಿ. ಕಾಣದಿದ್ರೆ ಮತ್ತೆ ಈ ಮಾತು ಬೇಡ."

ಆ ಸಂಜೆ ಏಣಿಯಣ್ಣ ನಲವತ್ತೆರಡು ಅಡುಗೆಮನೆಗಳಿಗೂ ಹೋಗಿ ಕೈಮುಗಿದ. ನಾಳೆ ಏನನ್ನೂ ಮುಟ್ಟಬೇಡಿ, ಇರುವ ಹಾಗೆ ಇರಲಿ, ಮನೆ ಉಳಿಯುತ್ತದೆ. ಎಲ್ಲರೂ ಆಗಲಿ ಎಂದರು. ತಾಯಿ ಮಾತ್ರ ಸೀರೆ ಮಡಿಸುತ್ತ ಕೂತಿದ್ದಳು.

"ಅವ್ವಾ, ನಿಂಗೂ ಹೇಳ್ತಿರೋದು."

"ಕೇಳಿಸ್ತು," ಎಂದಳು ಎಪ್ಪತ್ತೇಳರ ಆ ಮುದುಕಿ. "ಮನೆ ಹೋದ್ರೆ ಬೀದಿಗೆ ಬೀಳ್ತೀವಿ. ಬಡವರು ಅಂತ ಬರೆಸ್ಕೊಂಡ್ರೆ ಲಾರಿ ಹತ್ತಬೇಕಾಗುತ್ತೆ. ನಮ್ಮ ದೊಡ್ಡಪ್ಪನ ಮನೆಯವರು ಹತ್ತಿದ್ದನ್ನ ಇದೇ ಮೆಟ್ಟಿಲ ಮೇಲೆ ನಿಂತು ನೋಡಿದ್ದೀನಿ. ಅವರದ್ದು ಒಂದು ಸುದ್ದಿನೂ ಬರಲಿಲ್ಲ. ಏಳು ವರ್ಷಕ್ಕೆ ಗುಡ್ಡ ಇಳಿದವಳು ಈಗ ಹತ್ತೋಕೆ ನನ್ನ ಮಂಡಿ ಒಪ್ಪಲ್ಲ."

"ಅದು ಆ ಕಾಲ ಅವ್ವಾ."

"ಆಗಲೂ ಕಂಕುಳಲ್ಲಿ ಫಾರಂ ಇತ್ತು."

ಬೆಳಿಗ್ಗೆ ಅವನು ತಾನೇ ಗಡಿಯಾರ ಇಳಿಸಿ, ಕಂಬಳಿ ಸುತ್ತಿ, ಮಂಚದ ಕೆಳಗೆ ತಳ್ಳಿದ. ಶತ್ರುವಿನ ಫಿರಂಗಿ ಹಾರದಂತೆ ಅದರ ಬಾಯಿಗೆ ಗೂಟ ಹೊಡೆದ ಸೇನಾಪತಿಯ ನೆಮ್ಮದಿಯಿಂದ ಮ್ಯಾನೇಜರನ್ನು ಕರೆತಂದ. ಮೊದಲು ಹನ್ನೊಂದನೆಯ ಮನೆ, ಬೀದಿಯಲ್ಲೇ ಕಡುಬಡವರದು. ಬಾಗಿಲು ತೆರೆಯಿತು. ಆರು ಗಾಜಿನ ಲೋಟ, ರೇಡಿಯೋ, ಗೋಡೆಯ ಮೇಲೆ ಗಡಿಯಾರ. ಹತ್ತು ಗಂಟೆಗೆ ಹನ್ನೊಂದು ಬಡಿಯಿತು.

ಮೂವತ್ತನೆಯ ಮನೆಯಲ್ಲಿ ಅದೇ ಲೋಟಗಳು, ಅದೇ ಗಡಿಯಾರ. ಮನೆಯೊಡತಿ ಕೆಂಪು ಮುಖದಿಂದ ಏದುಸಿರು ಅದುಮಿಕೊಂಡು ಟೀ ಕೊಟ್ಟಳು. ಏಣಿಯಣ್ಣ ಗಡಿಯಾರದ ಕಡೆ ಕೈ ತೋರಿಸಿದ.

"ಸಾರ್, ಇದು ನಮ್ಮನೆ ಗಡಿಯಾರ. ಹಿಂದಿನ ಓಣಿಯಲ್ಲಿ ಹೊತ್ಕೊಂಡು ಓಡ್ತಾರೆ. ಇಡೀ ಸಾಲಿಗೆ ಇರೋದು ಇದೊಂದೇ."

"ಹಂಗಾದ್ರೆ ಈಗ ನಿಮ್ಮನೇಲಿ ಇರಲ್ಲ. ನಡೀರಿ, ನೋಡೋಣ."

ಇಬ್ಬರೂ ಬೀದಿಯಲ್ಲಿ ಆರು ಮನೆ ದಾಟಿದರು. ಮೂವತ್ತಾರನೆಯ ಮನೆಯಲ್ಲಿ ತಾಯಿ ಇಸ್ತ್ರಿ ಸೀರೆಯುಟ್ಟು ಕುಳಿತಿದ್ದಳು. ತಲೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ಬನ್ನಿ ಸಾರ್," ಎಂದಳು. "ಮಗ ಏನಾದ್ರೂ ಅಂದ್ನಾ? ಬಣ್ಣದ ವಾಸನೆಗೆ ಅವನಿಗೆ ಆಗಾಗ ತಲೆ ತಿರುಗುತ್ತೆ."

"ವಾಪಸ್ ಮೂವತ್ತಕ್ಕೆ ಹೋಗೋಣ ಸಾರ್," ಎಂದ ಏಣಿಯಣ್ಣ. "ಅಲ್ಲಿ ಈಗ ಮೊಳೆ ಮಾತ್ರ ಇರುತ್ತೆ. ದಮ್ಮಯ್ಯ, ಒಂದು ಸಲ."

ಮ್ಯಾನೇಜರು ನಿಟ್ಟುಸಿರಿಟ್ಟು ಬಂದರು. ಮೂವತ್ತರ ಬಾಗಿಲು ತೆರೆಯುವುದು ಒಂದು ಗಳಿಗೆ ತಡವಾಯಿತು. ಗೋಡೆಯ ಮೇಲೆ ಗಡಿಯಾರ ಇತ್ತು. ಲೋಲಕ ಹುಚ್ಚು ಹಿಡಿದಂತೆ ಅತ್ತಿತ್ತ ಹೊಯ್ದಾಡುತ್ತಿದ್ದುದನ್ನು ಕಂಡವನು ಏಣಿಯಣ್ಣ ಮಾತ್ರ. ಆ ಕ್ಷಣದಲ್ಲಿ, ಮನೆ ಕೈಜಾರುತ್ತಿದ್ದಾಗಲೂ, ನಮ್ಮ ಹೆಂಗಸರ ಓಟ ಎಂದರೆ ಓಟ ಎಂಬ ಒಂದು ಹಾಳು ಹೆಮ್ಮೆ ಅವನಿಗೆ ಉಕ್ಕಿ ಬಂತು.

"ಒಂದು ಗಡಿಯಾರ ಎರಡು ಕಡೆ ಇರೋಕೆ ಆಗುತ್ತೇನಪ್ಪಾ?" ಮ್ಯಾನೇಜರು ಅವನ ಭುಜ ತಟ್ಟಿದರು. "ನಿಮ್ಮ ಜನ ಮೇಲೆ ಬಂದಿದ್ದಾರೆ. ಅದಕ್ಕೆ ನಿಮಗ್ಯಾಕೆ ಹೊಟ್ಟೆಕಿಚ್ಚು? ನಾಳೆಯೊಳಗೆ ನಂಬರ್ ಮುಗಿಸಿ."

ಎದುರು ಸಾಲಿನ ಮೆಟ್ಟಿಲ ಮೇಲೆ ನಿಂತು ದರ್ಜಿ ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು. ಮ್ಯಾನೇಜರು ಮರೆಯಾದ ಮೇಲೆ ಬೀದಿ ದಾಟಿ ಬಂದಳು.

"ಹೊಗೆ ಬಣ್ಣ ಯಾವಾಗ ಹಚ್ತೀಯಾ?"

"ನಿಮಗೇನಕ್ಕಾ ಭಯ? ನಿಮ್ಮದು ಬಿಳಿ. ಉಳ್ಕೊಂಡ್ರಿ."

"ಫಾರಂನಲ್ಲಿ ಎರಡು ಕಾಲಂ ಇತ್ತಲ್ಲ ಏಣಿಯಣ್ಣ," ಎಂದಳು ಅವಳು ಮೆಲ್ಲಗೆ. "ಈಗ ಒಂದನ್ನ ಮುಗಿಸ್ತಿದ್ದಾರೆ."

ಅವನು ಕಪ್ಪು ಡಬ್ಬ ತೆರೆದ. ಒಂದರಿಂದ ಮೂವತ್ತೈದು, ಆಮೇಲೆ ಮೂವತ್ತೇಳರಿಂದ ನಲವತ್ತೆರಡು. ಮನೆಮನೆಯಲ್ಲೂ ಬಾಗಿಲು ಒರೆಸಿ ಕೊಟ್ಟರು, ಟೀ ಕೊಟ್ಟರು, ಅಂಕಿ ಸೊಟ್ಟಗಾಗದಿರಲಿ ಎಂದರು. ತಿಂಗಳು ಮುಗಿಯುವ ಮೊದಲೇ, ಮರುದಿನ ಮಧ್ಯಾಹ್ನದ ಹೊತ್ತಿಗೆ, ಬಸ್ಸು ತಿರುಗುವ ಜಾಗದಲ್ಲಿ ನಾಲ್ಕು ಖಾಲಿ ಲಾರಿಗಳು ಬಂದು ನಿಂತವು. ಯಾಕೆಂದು ಯಾರೂ ಕೇಳಲಿಲ್ಲ. ಸಂಜೆಗೆ ಏಣಿಯನ್ನು ತನ್ನ ಮನೆಗೇ ಒರಗಿಸಿದ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕಾಲು ಒಂಬತ್ತನೆಯ ಮೆಟ್ಟಿಲನ್ನು ಹುಡುಕಿ ಗಾಳಿಯಲ್ಲಿ ತಡವರಿಸಿತು. ಸೂರಿನ ಅಂಚು ಹಿಡಿದು ಉಳಿದುಕೊಂಡ.

ತಾಯಿ ಹೊಸಿಲಿನಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಮೊದಲು ಲಾರಿಗಳನ್ನೂ ಆಮೇಲೆ ಮಗನನ್ನೂ ನೋಡಿದಳು.

"ಸ್ವಲ್ಪ ದೊಡ್ಡದಾಗಿ ಬರಿಯೋ," ಎಂದಳು. "ಅಲ್ಲಿಂದಲೂ ಕಾಣ್ಬೇಕು."

ಅವನು ದೊಡ್ಡದಾಗಿಯೇ ಬರೆದ. ಮೂರಕ್ಕೂ ಆರಕ್ಕೂ ನೆರಳು ಕೊಟ್ಟು, ಸುತ್ತ ತೆಳ್ಳಗೆ ಒಂದು ಅಂಚು ಎಳೆದ. ಬೀದಿಯಲ್ಲೇ ಅಷ್ಟು ಚೆಂದದ ನಂಬರು ಇನ್ನೊಂದಿರಲಿಲ್ಲ. ಒಳಗೆ ಗಡಿಯಾರ ಆರಕ್ಕೆ ಏಳು ಬಡಿಯಿತು. ಅತ್ತ ಲಾರಿಯೊಂದರ ಹಿಂಬಾಗಿಲನ್ನು ಯಾರೋ ಇಳಿಬಿಟ್ಟ ಸದ್ದಾಯಿತು.