ಕಾಗದದ ಸವತಿ

ಅಲ್ಲ ಪುಟ್ಟಿ, ಆ ಹಾಡು ಹುಟ್ಟಿದ್ದು ಹೇಗೆ ಅಂತ ಕೇಳುತ್ತೀಯಲ್ಲ, ಅದನ್ನು ನಿನ್ನ ದೊಡ್ಡಜ್ಜಿಯ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡಬೇಕು. ಬೇರೆ ಎಲ್ಲಿಂದ ಶುರು ಮಾಡಿದರೂ ಅದು ಸಿನಿಮಾದ ಕತೆಯಾಗುತ್ತದೆಯೇ ಹೊರತು ನನ್ನ ಅಕ್ಕನ ಕತೆಯಾಗುವುದಿಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ನೀನು ಬರೆದುಕೋ. ನಡುವೆ ದಾರಿ ತಪ್ಪಿ ಎಲ್ಲಾದರೂ ಹೊರಟುಹೋದರೆ ಕೈ ಹಿಡಿದು ಎಳೆದುಕೊಂಡು ಬಾ.

ಅಕ್ಕ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಮಿಷನ್ನು. ಅವಳಿಗೆ ಮದುವೆಯಾದ ಮೇಲೆ ನಾನೂ ಅವಳ ಜೊತೆಯೇ ಇದ್ದೆ, ಕಾಜಾ ಹೊಲಿದು ಗುಂಡಿ ಹಾಕುವುದು ನನ್ನ ಪಾಲಿನ ಕೆಲಸ. ಅಕ್ಕನ ತುಟಿಗಳ ನಡುವೆ ಸದಾ ಎರಡು ಮೂರು ಗುಂಡುಸೂಜಿ. ಅವುಗಳ ಸಂದಿಯಿಂದಲೇ ಊರಿನ ಸಮಾಚಾರ, ಗಂಡನಿಗೆ ಬೈಗುಳ, ಹಾಲಿನವನ ಜೊತೆ ಜಗಳ, ಎಲ್ಲ ಹೊರಗೆ ಬರುತ್ತಿತ್ತು. ಇಷ್ಟು ಮಾತಾಡುವವಳು ಒಂದು ದಿನವೂ ಸೂಜಿ ನುಂಗಲಿಲ್ಲವಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಭಾವ ಸಿನಿಮಾಗಳಿಗೆ ಹಾಡಿನ ಟ್ಯೂನ್ ಮಾಡುತ್ತಿದ್ದರು. ತೀರಾ ದೊಡ್ಡ ಹೆಸರೇನಲ್ಲ, ಆದರೆ ಕೈಯಲ್ಲಿ ಕೆಲಸವಿತ್ತು. ಟ್ಯೂನ್ ಮೊದಲು ಹುಟ್ಟುತ್ತದೆ, ಹಾಡಿನ ಮಾತನ್ನು ಕವಿ ಆಮೇಲೆ ಬರೆಯುತ್ತಾನೆ. ಅಲ್ಲಿಯವರೆಗೆ ಟ್ಯೂನಿಗೆ ಕೂತುಕೊಳ್ಳುವುದಕ್ಕೆ ಏನಾದರೂ ಮಾತು ಬೇಕಲ್ಲ, ಅದಕ್ಕೆ ಡಮ್ಮಿ ಅನ್ನುತ್ತಾರೆ. ಕೆಲವರು ಲಾ ಲಾ ಅನ್ನುತ್ತಾರೆ, ಕೆಲವರು ಅಂಕಿ ಎಣಿಸುತ್ತಾರೆ. ನಮ್ಮ ಭಾವ ಮಿಷನ್ನಿನ ಪಕ್ಕ ಚಾಪೆ ಹಾಸಿ, ಹಾರ್ಮೋನಿಯಂ ಇಟ್ಟುಕೊಂಡು, ಅಕ್ಕ ಏನು ಹೇಳಿದರೆ ಅದನ್ನೇ ಹಾಕಿಕೊಳ್ಳುತ್ತಿದ್ದರು. ಅವಳು "ಒಲೆ ಆರಿಸಿ ಬನ್ರೀ, ಹಾಲು ಉಕ್ಕತ್ತೆ" ಅಂದಿದ್ದು ಒಂದು ವಿರಹಗೀತೆಯಾಯಿತು. "ಈ ಅಂಗಿಗೆ ಕಾಲರ್ ಯಾರಪ್ಪ ಇಟ್ಟಿದ್ದು" ಅನ್ನುವುದು ಒಂದು ದೋಣಿ ಹಾಡಾಯಿತು. ಹಾಡು ರೇಡಿಯೋದಲ್ಲಿ ಬಂದಾಗ ಬೀದಿಯವರೆಲ್ಲ ಕವಿಯ ಮಾತು ಹಾಡುತ್ತಿದ್ದರು, ಅಕ್ಕ ಮಾತ್ರ ತನ್ನ ಕಾಲರನ್ನೇ ಹಾಡಿಕೊಂಡು ಪೆಡಲ್ ತುಳಿಯುತ್ತಿದ್ದಳು. ನನಗೆ ಒಳಗೊಳಗೇ ಉರಿ. ನಾನೂ ಅದೇ ಕೋಣೆಯಲ್ಲಿ ಕೂತು ಅಷ್ಟೇ ಮಾತಾಡುತ್ತಿದ್ದೆ, ನನ್ನ ಒಂದು ಮಾತೂ ಟ್ಯೂನಾಗಲಿಲ್ಲ. ಹೋಗಲಿ ಬಿಡು.

ಆಗ ಬಂತು ಈ ಸಿನಿಮಾ. ಹಾಡೇ ಜಾಸ್ತಿ ಇರುವ ಚಿತ್ರ. ಅದರ ನಾಯಕನೂ ಒಬ್ಬ ಸಂಗೀತಗಾರ, ಅವನಿಗೆ ಇದ್ದಕ್ಕಿದ್ದಂತೆ ಹಾಡು ಹುಟ್ಟುವುದೇ ನಿಂತುಹೋಗುತ್ತದೆ. ಕೊನೆಯಲ್ಲಿ ಮತ್ತೆ ಹುಟ್ಟುತ್ತದೆ, ಆ ಕೊನೆಯ ಹಾಡಿನ ಮೇಲೇ ಇಡೀ ಚಿತ್ರ ನಿಂತಿತ್ತು. ಭಾವ ಉಳಿದ ಹಾಡುಗಳನ್ನೆಲ್ಲ ಮಾಡಿ ಮುಗಿಸಿದರು. ಈ ಒಂದು ಹಾಡಿಗೆ ಬಂದಾಗ, ಸಿನಿಮಾದವನ ರೋಗ ಇವರಿಗೇ ಅಂಟಿತು. ಹಾರ್ಮೋನಿಯಂ ಮುಂದೆ ಕೂತವರು ಗೋಡೆ ನೋಡುವುದು, ಉಗುರು ಕಚ್ಚುವುದು, ಎದ್ದು ಹೋಗುವುದು.

ಹೀಗಿರುವಾಗ ಒಂದು ಬೆಳಿಗ್ಗೆ ಸಣ್ಣಗೆ ಗುನುಗತೊಡಗಿದರು. ನಾವಿಬ್ಬರೂ ಖುಷಿಯಿಂದ ಕಿವಿ ಕೊಟ್ಟೆವು. ಡಮ್ಮಿ ಹೀಗಿತ್ತು: "ದಣಿದಿದ್ದೀರಿ, ಮಲಗಿ, ನಾನಿದ್ದೇನೆ."

ಅಕ್ಕನ ಕಾಲು ಪೆಡಲ್ ಮೇಲೆ ನಿಂತುಹೋಯಿತು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿ ಇಡುವ ಪುಟ್ಟ ದಿಂಬಿಗೆ ಚುಚ್ಚಿದಳು.

"ಇದು ಯಾರ ಮಾತು?"

"ಯಾರದೂ ಅಲ್ಲ ಕಣೇ, ಡಮ್ಮಿ."

"ಡಮ್ಮಿ ಅಂತ ನನಗೂ ಗೊತ್ತು. ಈ ಮನೇಲಿ ಹೀಗೆ ಯಾರು ಮಾತಾಡ್ತಾರೆ?"

ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅದೇ ತಪ್ಪಾಯಿತು. ಬೇರೆ ಹೆಂಗಸರು ಗಂಡನ ಅಂಗಿಯಲ್ಲಿ ಪರಿಮಳ ಹುಡುಕುತ್ತಾರೆ, ನನ್ನಕ್ಕ ಟ್ಯೂನಿನಲ್ಲಿ ಹುಡುಕಿದಳು. ಯಾವಳೋ ಒಬ್ಬಳ ಮನೆಯಲ್ಲಿ ಇವರು ಚಾಪೆ ಹಾಸಿ ಕೂತಿದ್ದಾರೆ, ಅವಳು ಮೆಲ್ಲಗೆ ಮಾತಾಡುತ್ತಾಳೆ, ಅದನ್ನು ಇವರು ನಮ್ಮ ಮನೆಗೆ ಹೊತ್ತು ತಂದಿದ್ದಾರೆ ಅಂತ ಅವಳ ಲೆಕ್ಕ. ಭಾವ ಮರೆತುಹೋದ ಕನ್ನಡಕ ಕೊಡುವ ನೆಪದಲ್ಲಿ ನನ್ನನ್ನು ರಿಹರ್ಸಲ್ ಹಾಲಿಗೆ ಅಟ್ಟಿದಳು. ಕೋರಸ್ಸಿನ ಹೆಂಗಸರಲ್ಲಿ ಒಬ್ಬಳಿಗೆ ನೆಗಡಿ, ಇನ್ನೊಬ್ಬಳು ಅಕ್ಕನಿಗಿಂತ ಬಾಯಿಬಡುಕಿ, ಉಳಿದವರು ಮನೆಗೆ ಹೋಗುವ ಬಸ್ಸಿನ ಚಿಂತೆಯಲ್ಲಿದ್ದಾರೆ ಅಂತ ವರದಿ ಒಪ್ಪಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಆ ವಾರ ಹೊಲಿದ ಅಂಗಿಗಳ ತೋಳೆಲ್ಲ ಬಿಗಿ, ಮಕ್ಕಳಿಗೆ ಕೈ ಎತ್ತಲಾಗುತ್ತಿಲ್ಲ ಅಂತ ತಾಯಂದಿರು ವಾಪಸು ತಂದರು.

ಆಮೇಲೆ ಡೈರೆಕ್ಟರು ಮನೆಗೆ ಬಂದರು. ದಪ್ಪ ಮೀಸೆಯ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು. ಭಾವನಿಗೆ ಹುರುಪು ಬರಲಿ ಅಂತ ಕೊನೆಯ ದೃಶ್ಯವನ್ನು ಮತ್ತೊಮ್ಮೆ ಅಭಿನಯಿಸಿ ತೋರಿಸಿದರು. ಸಂಗೀತಗಾರ ತಲೆ ಹಿಡಿದು ಕೂತಿದ್ದಾನೆ, ಹೆಂಡತಿ ಹಿಂದಿನಿಂದ ಬರುತ್ತಾಳೆ. ಆ ಮನುಷ್ಯ ಮೀಸೆ ಒಳಗಿನಿಂದ ಹೆಣ್ಣಿನ ದನಿ ತೆಗೆದು ಹೇಳಿದರು: "ದಣಿದಿದ್ದೀರಿ, ಮಲಗಿ, ನಾನಿದ್ದೇನೆ."

ನನಗೆ ನಗು ತಡೆಯಲಾಗಲಿಲ್ಲ, ಅಡುಗೆಮನೆಗೆ ಓಡಿದೆ. ಅಂತೂ ಸವತಿ ಸಿಕ್ಕಳು, ಅದೂ ಸಿನಿಮಾದ ಕತೆ ಬರೆದ ಕಾಗದದ ಮೇಲೆ. ಮೀಸೆಯವರು ಭಾವ ಮಾಡಿದ್ದ ಟ್ಯೂನ್ ಕೇಳಿ, ಮೆತ್ತಗಿದೆ, ಆದರೆ ಜೀವವಿಲ್ಲ ಅಂದರು. ಈ ವಾರದೊಳಗೆ ಬಾರದಿದ್ದರೆ ಆ ಹಾಡನ್ನು ಬೇರೆ ಯಾರಿಂದಲಾದರೂ ಮಾಡಿಸುತ್ತೇನೆ ಅಂತಲೂ ಹೇಳಿ ಹೋದರು. ಬೇರೆಯವನು ಅಂದರೆ ಯಾರು ಅಂತ ಭಾವನಿಗೆ ಗೊತ್ತಿತ್ತು. ಅವನ ಹಾಡು ರೇಡಿಯೋದಲ್ಲಿ ಬಂದರೆ ಇವರು ಎದ್ದು ಸ್ಟೇಷನ್ ತಿರುಗಿಸುತ್ತಿದ್ದರು. ಹೊಟ್ಟೆಕಿಚ್ಚು ಅಕ್ಕನೊಬ್ಬಳ ಸೊತ್ತೇನಲ್ಲ.

ನಿಜವಾದ ಹೆಂಗಸಲ್ಲ ಅಂತ ಗೊತ್ತಾದ ಮೇಲೆ ಅಕ್ಕನ ಸಂಕಟ ಕಡಿಮೆಯಾಗಬೇಕಿತ್ತಲ್ಲವೇ? ಹೆಚ್ಚಾಯಿತು. ನಿಜವಾದವಳಾದರೆ ಮನೆ ಬಾಗಿಲಿಗೆ ಹೋಗಿ ನಾಲ್ಕು ಮಾತು ಕೇಳಬಹುದು, ಅವಳ ಮೂಗು ಸೊಟ್ಟ ಅನ್ನಬಹುದು, ಅವಳಿಗೂ ವಯಸ್ಸಾಗುತ್ತದೆ ಅಂತ ಕಾಯಬಹುದು. ಇವಳನ್ನು ಏನು ಮಾಡುವುದು? ಕೊನೆಗೆ ಅಕ್ಕ ತಾನೇ ಅವಳಾಗಲು ಹೊರಟಳು. ಬೈಯುವುದು ನಿಲ್ಲಿಸಿದಳು. ಹಾಲಿನವನಿಗೂ ಮುಗುಳ್ನಗೆ. ಭಾವ ಕೂತರೆ ಹಿಂದಿನಿಂದ ಬಂದು, ದಣಿದಿದ್ದೀರಿ, ಮಲಗಿ ಅನ್ನುವುದು. ಭಾವ ನನ್ನನ್ನು ಮೂಲೆಗೆ ಕರೆದು, ನಿಮ್ಮಕ್ಕನಿಗೆ ಜ್ವರವೇನಾದರೂ ಇದೆಯಾ ಅಂತ ಕೇಳಿದರು. ಮನೆಯಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ಸದ್ದಿಲ್ಲ. ಇದ್ದ ಅರ್ಧ ಟ್ಯೂನೂ ಹೋಯಿತು.

ವಾರ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಭಾವ ಹೊಸ್ತಿಲ ಮೇಲೆ ನಿಂತುಬಿಟ್ಟರು. ಒಳಗೂ ಬರುತ್ತಿಲ್ಲ, ಹೊರಗೂ ಹೋಗುತ್ತಿಲ್ಲ, ಬೀದಿಯ ಕಡೆ ಮುಖ ಮಾಡಿ ಕಂಬದ ಹಾಗೆ. ಬಾಗಿಲು ಹಾರುಹೊಡೆದಿದೆ. ನಮ್ಮ ಮನೆಯ ಪಕ್ಕದಲ್ಲೇ ಚರಂಡಿ, ಮುಸ್ಸಂಜೆಗೆ ಸೊಳ್ಳೆಗಳ ದಂಡು. ಅಕ್ಕ ತಡೆದುಕೊಂಡಳು. ಕಾಲು ಕೆರೆದುಕೊಂಡಳು. ತೋಳಿಗೆ ಹೊಡೆದುಕೊಂಡಳು. ಆಮೇಲೆ ಹಿಡಿದಿಟ್ಟಿದ್ದೆಲ್ಲ ಒಂದೇ ಸಲಕ್ಕೆ ಹೊರಬಿತ್ತು.

"ಬಾಗಿಲು ಹಾಕಿ, ಸೊಳ್ಳೆ ಬರುತ್ತೆ. ಎಷ್ಟು ಸಲ ಹೇಳ್ಬೇಕು ನಿಮಗೆ? ಅವಳಿಗೆ ಸೊಳ್ಳೆ ಕಚ್ಚಲ್ಲ, ಅವಳು ಕಾಗದ. ನನಗೆ ಕಚ್ಚುತ್ತೆ. ಅವಳಿಗೆ ಹಸಿವಾಗಲ್ಲ, ಬೆನ್ನು ನೋಯಲ್ಲ, ಕಾಲರ್ ತಿರುಗುಮುರುಗಾಗಲ್ಲ. ಅಂಥವಳೇ ಬೇಕಿದ್ರೆ ಹೋಗಿ, ಆ ಮೀಸೆಯವರ ಮನೇಲೇ ಹೋಗಿ ಮಲಗಿ."

ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಭಾವ ಬಾಗಿಲು ಹಾಕಿದರು. ಮುಖ ಮಾತ್ರ ಬೇರೆಯಾಗಿತ್ತು. ಹಾರ್ಮೋನಿಯಂ ಎಳೆದುಕೊಂಡು ಕೂತರು. ಬಾಗಿಲು ಹಾಕಿ, ಸೊಳ್ಳೆ ಬರುತ್ತೆ. ಮೊದಲು ಕೆಳಗಿನ ಸ್ವರದಲ್ಲಿ, ಆಮೇಲೆ ಮೇಲೆ, ಮತ್ತೆ ಕೆಳಗೆ. ಪುಟ್ಟಿ, ನಾನು ಗುಂಡಿ ಹಾಕುವುದನ್ನೂ ಬಿಟ್ಟು ಕೇಳುತ್ತಾ ಕೂತೆ.

"ನಾನಿಲ್ಲಿ ಅಳ್ತಾ ಇದೀನಿ, ಇವರು ರಾಗ ಹಾಕ್ತಾ ಇದಾರೆ ನೋಡೇ" ಅಂತ ಅಕ್ಕ ನನಗೆ ಹೇಳಿದಳು. ಭಾವ ತಲೆ ಎತ್ತದೆ, "ಇನ್ನೊಂದು ಸ್ವಲ್ಪ ಬೈಯೇ, ಚರಣ ಬಾಕಿ ಇದೆ" ಅಂದರು. ಅವಳು ಅಳುವುದು ಬಿಟ್ಟು ಬೈಯುತ್ತಾ ಕೂತಳು.

ಮೀಸೆಯವರು ಟ್ಯೂನ್ ಕೇಳಿ ಭಾವನನ್ನು ಅಪ್ಪಿಕೊಂಡರಂತೆ. ಕವಿ ಅದಕ್ಕೆ "ಬಾಳಿನ ದಾರಿ, ನೀನೇ ಬೆಳಕು" ಅಂತ ಬರೆದ. ಯಾರನ್ನು ಕುರಿತು? ಆ ಕಾಗದದವಳನ್ನೇ. ತೊಗೋ, ಅಕ್ಕನದು ಮತ್ತೆ ಶುರುವಾಯಿತು. ತನ್ನ ಸಿಟ್ಟಿನಿಂದ ಹುಟ್ಟಿದ ಟ್ಯೂನನ್ನು ಅವಳ ಕಾಲ ಬುಡದಲ್ಲಿ ಇಟ್ಟುಬಂದರಲ್ಲ ಅಂತ. ಸಿನಿಮಾ ಬಿಡುಗಡೆಯಾಯಿತು, ಬೀದಿಗೆ ಬೀದಿಯೇ ನೋಡಿ ಬಂತು, ಇವಳು ಮಾತ್ರ ಯೂನಿಫಾರಂ ರಾಶಿ ತೋರಿಸಿ ಕೂತಳು. ನಾನೇ ಒಂದು ಮ್ಯಾಟಿನಿಗೆ ಎಳೆದುಕೊಂಡು ಹೋದೆ.

ಕೊನೆಯ ಹಾಡು ಬಂತು. ಪರದೆಯ ಮೇಲೆ ಆ ಹೆಂಡತಿ, ತಿದ್ದಿದ ಹುಬ್ಬು, ಒಂದು ಸುಕ್ಕೂ ಇಲ್ಲದ ಉಡುಪು, ಗಂಡನ ಹೆಗಲ ಮೇಲೆ ಕೈ. ಸುತ್ತಲೂ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದಾರೆ. ಅಕ್ಕ ಕುರ್ಚಿಯ ಹಿಡಿಯನ್ನು ಕೆರೆಯುತ್ತಿದ್ದಾಳೆ. ಹಾಡು ಮುಗಿಯುವ ಹೊತ್ತಿಗೆ ವಯೊಲಿನ್‌ಗಳ ಕೆಳಗೆ ಕೋರಸ್ ಪಲ್ಲವಿಯನ್ನು ಕೊನೆಯ ಸಲ ಹಾಡುತ್ತದೆ. ಅಕ್ಕ ಫಕ್ಕನೆ ನೆಟ್ಟಗಾದಳು. ನನ್ನ ಮಣಿಕಟ್ಟು ಹಿಡಿದಳು. ಕೋರಸ್ಸಿನವರು ಹಾಡುತ್ತಿದ್ದದ್ದು ಬಾಳಿನ ದಾರಿಯನ್ನಲ್ಲ. "ಬಾಗಿಲು ಹಾಕಿ, ಸೊಳ್ಳೆ ಬರುತ್ತೆ." ಅಷ್ಟು ಗಂಡಸರು, ಅಷ್ಟು ಹೆಂಗಸರು, ಭಕ್ತಿಯಿಂದ, ಒಂದೇ ಉಸಿರಿನಲ್ಲಿ.

ಥಿಯೇಟರಿನಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದವರಿಗೆ ಮಾತ್ರ ಕೇಳಿಸುವಂಥದ್ದು ಅದು. ಅಕ್ಕ ಪರದೆಯ ಮೇಲಿನವಳನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ತಾನು ಮಾಡಿದ ಅಡುಗೆಯನ್ನು ಬೇರೆಯವಳು ಬಡಿಸುವುದನ್ನು ನೋಡುವ ಯಜಮಾನಿಯ ನೋಟ.

ಮನೆಗೆ ಬಂದು ಭಾವನನ್ನು ಕೇಳಿದಳು. ಕವಿಯ ಸಾಹಿತ್ಯ ಬರುವ ತನಕ ಕೋರಸ್ಸಿನವರಿಗೆ ಡಮ್ಮಿ ಹಾಕಿಯೇ ಪಾಠ ಮಾಡಿದ್ದರಂತೆ. ಹೊಸ ಮಾತು ಕೈಗೆ ಸಿಕ್ಕಿದ ದಿನವೇ ರೆಕಾರ್ಡಿಂಗ್, ಕೊನೆಯ ಸಾಲಿಗೆ ಬರುವಾಗ ಹಳೇ ರೂಢಿ ನಾಲಿಗೆಗೆ ಬಂದುಬಿಟ್ಟಿತು.

"ನಿಮಗೆ ಕೇಳಿಸಲಿಲ್ವಾ?"

"ಕೇಳಿಸ್ತು."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ವಯೊಲಿನ್ ಚೆನ್ನಾಗಿ ಬಂದಿತ್ತು" ಅಂದರು ಭಾವ, ಬೇರೆ ಕಡೆ ನೋಡುತ್ತಾ. ಅಕ್ಕ ತಾಯಂದಿರು ಎಷ್ಟು ಕೇಳಿದರೂ ಮುಟ್ಟದೆ ಮೂಲೆಗೆ ತಳ್ಳಿದ್ದ ಆ ಬಿಗಿ ತೋಳಿನ ಅಂಗಿಗಳನ್ನು ಎತ್ತಿಕೊಂಡು ಹೊಲಿಗೆ ಬಿಚ್ಚುತ್ತಾ ಕೂತಳು.

ಭಾವ ತೀರಿಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ಅದೇ ಹಾಡನ್ನು ಯಾರೋ ಹೊಸಬಳು ಹೊಸದಾಗಿ ಹಾಡಿದ್ದಾಳಂತೆ, ಟೀವಿಯಲ್ಲಿ ಹಾಕಿದ್ದರಂತೆ. ಕೋರಸ್ಸೂ ಹೊಸದು, ಎಲ್ಲ ಸರಿಯಾದ ಮಾತು, ಒಂದು ಸೊಳ್ಳೆಯೂ ಇಲ್ಲ. ಅಕ್ಕ ನಿನ್ನೆಯಿಂದ ಯಾರ ಜೊತೆಯೂ ಮಾತಾಡುತ್ತಿಲ್ಲ ಅಂತ ಅವಳ ಸೊಸೆ ಫೋನ್ ಮಾಡಿದ್ದಳು. ಈ ವಯಸ್ಸಿನಲ್ಲಿ ಇನ್ನೊಬ್ಬಳು ಸವತಿ.

ಅದಕ್ಕೇ ನಿನಗೆ ಒಂದು ಕೆಲಸ ಹೇಳುತ್ತೇನೆ ಪುಟ್ಟಿ. ಬರೆದದ್ದು ಸಾಕು, ಎತ್ತಿಡು. ನಿನ್ನ ಫೋನಿನಲ್ಲಿ ಹಳೇ ಹಾಡು ಹುಡುಕಿಕೊಂಡು ಅವಳ ಮನೆಗೆ ಹೋಗು. ಸುಮ್ಮನೆ ಹೋಗಿ ಹಾಡು ಹಾಕಬೇಡ, ಅವಳಿಗೆ ಅನುಮಾನ ಬರುತ್ತದೆ. ಕಣ್ಣು ಮಂಜಾದ ಮೇಲೆ ಅವಳಿಗೆ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಸೂಜಿ ಪೋಣಿಸಿ ಕೊಡಲು ಬಂದೆ ಅನ್ನು, ಪೋಣಿಸುತ್ತಾ ಹಾಡು ಹಾಕಿಕೋ, ಕೊನೆಯ ಕೋರಸ್ ಮುಗಿಯುವವರೆಗೆ ಎದ್ದು ಬರಬೇಡ. ಬಿಳಿ ದಾರದ ಸೂಜಿಗಳನ್ನು ದಿಂಬಿನ ಒಂದು ಕಡೆ ಚುಚ್ಚು, ಕಪ್ಪು ದಾರದವನ್ನು ಇನ್ನೊಂದು ಕಡೆ.