ತಂಬಿಗೆ ಅಳತೆಯ ಕುಲಾಯಿ

ಲಿಂಗಸುಗೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕೂಸುಗಳ ತಲೆಗೆ ತೊಡಿಸುವ ಕುಲಾಯಿ ಹೊಲಿದು ಸಂತೆಯಲ್ಲೂ ಮಾರುತ್ತಿದ್ದಳು, ಫೋನಿನಲ್ಲೂ ಮಾರುತ್ತಿದ್ದಳು. ಫೋಟೊ ತೆಗೆಯುವಾಗ ಯಾವ ಕೂಸೂ ಸುಮ್ಮನಿರುವುದಿಲ್ಲವೆಂದು ತಾಮ್ರದ ತಂಬಿಗೆಯನ್ನು ಬೋರಲು ಹಾಕಿ ಅದಕ್ಕೇ ಕುಲಾಯಿ ತೊಡಿಸುತ್ತಿದ್ದಳು. ಅಷ್ಟೊಂದು ಜನ ನೋಡುತ್ತಾರಲ್ಲ ಎಂದು ತಂಬಿಗೆಯ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಬೇರೆ. ಅಳತೆಯೂ ತಂಬಿಗೆಯದೇ ಆದ್ದರಿಂದ ಕುಲಾಯಿ ಬಹಳಷ್ಟು ಕೂಸುಗಳಿಗೆ ಮೂಗಿನವರೆಗೆ ಇಳಿಯುತ್ತಿತ್ತು. ಯಾರು ದೂರಿದರೂ ಸೂಜಿಯಿಂದ ಕಣ್ಣೆತ್ತದೆ ಒಂದೇ ಮಾತು: “ಕೂಸು ಬೆಳಿತೈತಿ ಬಿಡ್ರಿ.”

ಒಮ್ಮೆ ಮಸ್ಕಿ ಸಂತೆಗೆ ನಾನೂ ಅವಳ ಜೊತೆ ಹೋಗಿದ್ದೆ. ಫೋನಿನಲ್ಲಿ ಕುಲಾಯಿ ತರಿಸಿಕೊಂಡಿದ್ದ ತಾಯಿಯೊಬ್ಬಳು ಕೂಸನ್ನೇ ಎತ್ತಿಕೊಂಡು ಜಗಳಕ್ಕೆ ಬಂದಳು. ಅದರ ದುಂಡನೆಯ ತಲೆಯ ನೆತ್ತಿಯ ಮೇಲೆ ಕುಲಾಯಿ ಹೋಳಿಗೆಯಂತೆ ಕೂತಿತ್ತು.

“ಸಣ್ಣದಾಗೈತಿ ನೋಡ್ರಿ. ಈಗೇನಂತೀರಿ?”

ಸುತ್ತ ಜನ ಸೇರಿದರು. ಅಕ್ಕ ಸೂಜಿ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂಸಿನ ತಲೆ ನೋಡಿದಳು, ಪಕ್ಕದಲ್ಲಿದ್ದ ತಂಬಿಗೆ ನೋಡಿದಳು. ಇವತ್ತಿಗೆ ವ್ಯಾಪಾರ ಮುಗಿಯಿತೆಂದು ನಾನು ಗಂಟು ಕಟ್ಟತೊಡಗಿದೆ.

“ಇನ್ನೊಂದು ಕೂಸು ಆಗ್ತೈತಿ ಬಿಡ್ರಿ. ಅದಕ್ಕ ಇಟ್ಟಿರ್ರಿ.”

ಸಂತೆಯೆಲ್ಲ ನಕ್ಕಿತು. ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಟೇಹೋದಳು.

ಮುಂದೆ ಯಾವಾಗಲೋ ಅವಳಿಂದಲೇ ಅಕ್ಕನ ಫೋನಿಗೆ ಫೋಟೊ ಬಂತು. ಹೊಸ ಕೂಸು, ಅದೇ ಕುಲಾಯಿ, ಮೂಗಿನವರೆಗೆ. ಕೆಳಗೆ “ದೊಡ್ಡದಾಗೈತ್ರಿ” ಎಂದು ಬರೆದಿದ್ದಳು.

ಅಕ್ಕ ಕಾಡಿಗೆ ಡಬ್ಬಿ ತಂದು, ಫೋನಿನ ಗಾಜಿನ ಮೇಲೆ ಕೂಸಿನ ಕೆನ್ನೆಯಿದ್ದಲ್ಲಿ ಒಂದು ಬೊಟ್ಟಿಟ್ಟಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟಳು.

“ಬರಿ. ಏನು ಬರೀಬೇಕಂತ ನಿನಗ ಗೊತ್ತೈತಲ್ಲ.”